ಸುಲಭದ ಹಾಡುಗಳ ಪಟ್ಟಿ

ಜೂನ್ 3, ಮಂಗಳವಾರ

ದನಿ ಡಾಕ್ಟರಮ್ಮ ಇವತ್ತು ನನ್ನಿಂದ 'ಆ' ಅನ್ನಿಸಿ, ಗಡಿಯಾರ ಹಿಡಿದು ಎಣಿಸಿದರು. ಐದು ಸೆಕೆಂಡ್. ಆಮೇಲೆ ದನಿ ಹೋಗಿ ಬರೀ ಗಾಳಿ ಬಂತು.

ಐದು! ಮೂವತ್ತೊಂದು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿದವಳು ನಾನು. ಒಂದೇ ಉಸಿರಲ್ಲಿ ಇಪ್ಪತ್ತೆರಡು ಸೆಕೆಂಡ್ ಎಳೆದಾಗ ಮದುವೆ ಮನೆಯವರು ಊಟದ ತಟ್ಟೆ ಹಿಡಿದುಕೊಂಡೇ ವೇದಿಕೆಯ ಕಡೆ ತಿರುಗಿದ್ದಾರೆ. ಕುತ್ತಿಗೆಯ ಗಡ್ಡೆ ತೆಗೆಸಿ ಎಂಟು ವಾರವಾಯಿತು. ಗಡ್ಡೆ ಕೆಟ್ಟದ್ದಲ್ಲ ಎಂದು ವರದಿ ಬಂದಾಗ ಮನೆಯಲ್ಲಿ ಎಲ್ಲರಿಗೂ ಹೋದ ಜೀವ ಬಂತು. ದನಿಯ ನರ ಕೆಲವು ತಿಂಗಳು ಮಂಕಾಗಬಹುದು ಎಂದು ಮುಂಚೆಯೇ ಹೇಳಿದ್ದರು, ನಾನೇ ತಲೆಯಾಡಿಸಿ ಸಹಿ ಹಾಕಿದ್ದೆ. ಮಂಕಾದರೆ ಹೀಗಿರುತ್ತದೆ ಎಂದು ಯಾರಿಗೆ ಗೊತ್ತಿತ್ತು? ತರಕಾರಿಯವನು ಫೋನಿನಲ್ಲಿ ನನಗೆ "ಹೇಳಿ ಸಾರ್" ಅಂದ.

"ದಿನಕ್ಕೆ ಹದಿನೈದು ನಿಮಿಷ ಹಾಡಿ. ಆದರೆ ಸುಲಭದ್ದು ಹಾಡಿ," ಅಂದರು ಡಾಕ್ಟರಮ್ಮ. "ನಿಮಗೆ ಗೊತ್ತಿರೋ ಹಾಡು ಬೇಡ. ಗೊತ್ತಿರೋದಾದ್ರೆ ಗಂಟಲು ಹಳೇ ಎತ್ತರಕ್ಕೇ ಹಾರೋಕೆ ನೋಡುತ್ತೆ. ಪೂರ್ತಿ ಹೊಸದು ಹುಡುಕಿ. ಮಾತೂ ಕಡಿಮೆ ಮಾಡಿ, ಹೇಳೋದಿದ್ರೆ ಬರೀರಿ."

ಅದಕ್ಕೇ ಈ ಪುಸ್ತಕ. ಸುಲಭದ ಹಾಡಂತೆ, ನನಗೆ! ಅದೂ ಗೊತ್ತಿಲ್ಲದ್ದು. ನನಗೆ ಗೊತ್ತಿಲ್ಲದ ಹಾಡನ್ನು ಎಲ್ಲಿಂದ ತರಲಿ?

ಜೂನ್ 5, ಗುರುವಾರ

ಮಗಳು ಪುಟ್ಟಿ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ನಗುತ್ತಿದ್ದಳು. ಪುಟ್ಟಿ ಅಂದರೆ ಇಪ್ಪತ್ತೊಂಬತ್ತು ವರ್ಷದ ಪುಟ್ಟಿ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಆ ಕೆಲಸ ಅವಳಿಗೆ ಕಲಿಸಿದ ಹಿರಿಯರನ್ನು ಅಂಗಡಿಯವರೆಲ್ಲ ಗಾಜಿನಜ್ಜ ಅನ್ನುತ್ತಾರೆ. ಮುಂದಿನ ತಿಂಗಳು ಹನ್ನೆರಡಕ್ಕೆ ಅವರ ನಿವೃತ್ತಿ. ಹರೆಯದಲ್ಲಿ ಹನ್ನೊಂದು ವರ್ಷ ಜಪಾನಿನ ಲೆನ್ಸ್ ಕಾರ್ಖಾನೆಯಲ್ಲಿ ದುಡಿದವರು. ಬೀಳ್ಕೊಡುಗೆಗೆ ಏನು ಬೇಕು ಅಂತ ಕೇಳಿದ್ದಕ್ಕೆ, "ಭಾಷಣ ಬೇಡ, ಗೋಡೆ ಗಡಿಯಾರ ಬೇಡ. ಕರೋಕೆ ರೂಮು ಹಿಡೀರಿ, ಒಬ್ಬೊಬ್ಬರೂ ಒಂದು ಜಪಾನಿ ರಾಕ್ ಹಾಡಿ," ಅಂದರಂತೆ.

ಅಂಗಡಿಯವರಿಗೆಲ್ಲ ಕೈಕಾಲು ತಣ್ಣಗಾಗಿದೆ. ಯಾರ ಬಾಯಿಗೂ ಕಷ್ಟವಾಗದ ಹಾಡು ಆರಿಸುವ ಕೆಲಸವನ್ನು ಪುಟ್ಟಿಯ ತಲೆಗೆ ಕಟ್ಟಿದ್ದಾರೆ.

"ಇನ್ನೇನು ಮತ್ತೆ! ನಿಮ್ಮಮ್ಮ ಇದ್ದಾಳಲ್ಲ," ಅಂದರು ನಮ್ಮನೆಯವರು. "ಅವಳಿಗೂ ಗೊತ್ತಿಲ್ಲದ ಹಾಡೇ ಬೇಕಂತೆ. ಎರಡೂ ಕೆಲಸ ಒಟ್ಟಿಗೆ ಆಗುತ್ತೆ."

ಪುಟ್ಟಿಯ ನಗು ನಿಂತಿತು. "ಅಮ್ಮನಿಗೆ ಯಾಕಪ್ಪಾ ತೊಂದರೆ? ಸುಸ್ತಾಗುತ್ತೆ."

ನನ್ನ ಮೇಲೆ ಎಷ್ಟು ಕಾಳಜಿ ಈ ಹುಡುಗಿಗೆ! ಪಾಪ, ಅವಳಿಗೆ ಹಾಡಿನ ಗಂಧವೇ ಇಲ್ಲ. ಚಿಕ್ಕವಳಿದ್ದಾಗ ಗುನುಗುತ್ತಿದ್ದಳು, ಆಮೇಲೆ ಯಾಕೋ ಬಿಟ್ಟಳು. ಅಪ್ಪನ ಕಿವಿ ಬಂದಿರಬೇಕು. ಇವರು ನಮ್ಮ ಆರ್ಕೆಸ್ಟ್ರಾದಲ್ಲೇ ಇಪ್ಪತ್ತು ವರ್ಷ ಡ್ರಮ್ ಬಾರಿಸಿ ಬಾರಿಸಿ ಎಡಗಿವಿ ಕಳೆದುಕೊಂಡವರು. "ಹಾಡುಗಳನ್ನ ಕಳಿಸು, ನಾನು ನೋಡ್ತೀನಿ," ಅಂದೆ. ಅಂದೆ ಅನ್ನುವುದಕ್ಕಿಂತ ಉಸುರಿದೆ.

ಜೂನ್ 6, ಶುಕ್ರವಾರ

ಹನ್ನೆರಡು ಹಾಡು ಕೇಳಿದೆ. ಹಾಡುವವರೆಲ್ಲ ಯಾರ ಮೇಲೋ ಜಗಳಕ್ಕೆ ಹೋಗುತ್ತಿದ್ದಾರೆ. ತಲೆನೋವು.

ಜೂನ್ 8, ಭಾನುವಾರ

ಒಂದು ಸಂಗತಿ ಪತ್ತೆ ಮಾಡಿದೆ. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ.

ಪುಟ್ಟಿ ಹಾಡುಗಳನ್ನು ನಮ್ಮ ಅಕ್ಷರದಲ್ಲಿ ಬರೆದುಕೊಟ್ಟಿದ್ದಾಳೆ. ಓದುತ್ತಾ ಹೋದರೆ ಜಪಾನಿ ಪದಗಳೆಲ್ಲ ನಮ್ಮವುಗಳ ಹಾಗೆ ಬಾಯಿ ತೆರೆದೇ ಮುಗಿಯುತ್ತವೆ. ಸೋರಾ ಅಂದರೆ ಆಕಾಶ. ಕೊಕೊರೊ ಅಂದರೆ ಮನಸ್ಸು. ಕೊನೆಯಲ್ಲಿ ಅ, ಇ, ಉ, ಎ, ಒ ಯಾವುದೋ ಒಂದು ಇದ್ದೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಒಂದು 'ನ್' ಬಂದರೆ ಮೂಗಿನಲ್ಲಿ ಹೇಳಿ ದಾಟಿದರಾಯಿತು. ಇಂಗ್ಲಿಷ್ ಹಾಡಿನ ಹಾಗೆ ಪದದ ತುದಿಯಲ್ಲಿ ನಾಲಿಗೆ ಸಿಕ್ಕಿಕೊಳ್ಳುವುದಿಲ್ಲ. ಅಂದಮೇಲೆ ಇದು ಕಷ್ಟದ ಭಾಷೆಯಲ್ಲ, ಹಾಡುವವರಿಗಂತೂ ಅಲ್ಲ.

ಇದನ್ನು ಪುಟ್ಟಿಗೆ ಹೇಳಿದೆ. "ಹೌದಮ್ಮ," ಅಂದಳು, ಮೊದಲೇ ಗೊತ್ತಿದ್ದವಳ ಹಾಗೆ.

ಜೂನ್ 11, ಬುಧವಾರ

ಹಾಡುಗಳ ನಿಜವಾದ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ನನ್ನದೇ ಹೆಸರಿಟ್ಟಿದ್ದೇನೆ. ಕೆಟಲ್ ಹಾಡು: ಮೆಲ್ಲಗೆ ಶುರುವಾಗಿ ಕೊನೆಗೆ ಕೂಗುತ್ತದೆ. ಗುಮಾಸ್ತನ ಹಾಡು: ನಿಂತಲ್ಲೇ ಗೊಣಗುತ್ತದೆ, ರಾಗ ಎರಡೇ ಸ್ವರ ಆಚೀಚೆ. ಮೆಟ್ಟಿಲು ಹಾಡು: ನಾಲ್ಕು ಹೆಜ್ಜೆ ಹತ್ತಿ ನಾಲ್ಕು ಹೆಜ್ಜೆ ಇಳಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದ ಹಾಡು: ಹೆಸರೇ ಸಾಕು.

ಸುಲಭದ ಹಾಡು ಅಂದರೆ ನಿಧಾನದ ಹಾಡು ಎಂದು ಎಲ್ಲರೂ ತಿಳಿದಿದ್ದಾರೆ. ಶುದ್ಧ ತಪ್ಪು. ನಿಧಾನದ ಹಾಡಿನಲ್ಲಿ ಪ್ರತಿ ಪದವನ್ನೂ ಎಳೆದು ಹಿಡಿಯಬೇಕು. ಉಸಿರು ಇಲ್ಲದವರು ಅಲ್ಲೇ ಸಾಯುತ್ತಾರೆ. ವೇಗದ್ದರಲ್ಲಿ ನಾಲಿಗೆ ತೊಡರುತ್ತದೆ. ನಡೆದುಕೊಂಡು ಹೋಗುವ ವೇಗದ್ದೇ ಸುಲಭ. ಸಾಲು ಚಿಕ್ಕದಿರಬೇಕು, ಸಾಲಿನ ಕೊನೆಯಲ್ಲಿ ಡ್ರಮ್ಮಿಗೆ ಮಾತ್ರ ಬಿಟ್ಟ ಜಾಗ ಇರಬೇಕು. ಆ ಜಾಗದಲ್ಲಿ ಉಸಿರು ತೆಗೆದುಕೊಳ್ಳಬಹುದು. ನಮ್ಮನೆಯವರನ್ನು ಬಲಗಿವಿಗೆ ಹಾಡು ಹಾಕಿ ಕೂರಿಸಿದೆ. ಮೇಜಿನ ಮೇಲೆ ಬೆರಳಲ್ಲಿ ಬಾರಿಸುತ್ತಾ, ಜಾಗ ಬಂದಲ್ಲೆಲ್ಲ "ಇಲ್ಲಿ! ಇಲ್ಲಿ!" ಎಂದು ಕೂಗಿದರು. ನಿವೃತ್ತಿಯಾದ ಮೇಲೆ ಇಷ್ಟು ಖುಷಿಯಾಗಿ ಅವರನ್ನು ನೋಡಿರಲಿಲ್ಲ.

ಪಟ್ಟಿಯನ್ನು ಡಾಕ್ಟರಮ್ಮನಿಗೂ ತೋರಿಸಿದೆ. ಮೆಟ್ಟಿಲು ಹಾಡು ನನಗೆ ಸರಿ ಅಂದರು. "ಇಷ್ಟು ಚೆನ್ನಾಗಿ ಯಾರೂ ವಿಂಗಡಿಸಿ ತಂದಿರಲಿಲ್ಲ," ಎಂದೂ ಅಂದರು. ಮತ್ತೆ? ಕೆಲಸ ಬಲ್ಲವರ ಕೈಗೆ ಕೊಟ್ಟರೆ ಹೀಗೇ ಆಗುವುದು.

ಜೂನ್ 14, ಶನಿವಾರ

ಕರೋಕೆಗೆ ಹೋಗಿದ್ದೆವು. ಇವತ್ತು ಬರೆಯುವುದಿಲ್ಲ.

ಜೂನ್ 15, ಭಾನುವಾರ

ಸರಿ, ಬರೆಯುತ್ತೇನೆ.

ಅಂಗಡಿ ಬೀದಿಯ ಮೂರನೇ ಮಹಡಿ. ಉದ್ದನೆ ಓಣಿ, ಎರಡೂ ಕಡೆ ಬಾಗಿಲುಗಳು, ಒಂದೊಂದು ಬಾಗಿಲ ಹಿಂದೆಯೂ ಒಬ್ಬೊಬ್ಬರು ಅಳುತ್ತಿರುವ ಸದ್ದು. ನಮ್ಮ ರೂಮಿನಲ್ಲಿ ಕೆಂಪು ಸೋಫಾ, ಎರಡು ಮೈಕು, ಗೋಡೆಯ ತುಂಬ ಪರದೆ. ಮೈಕಿನ ಬಾಯಿಗೆ ಸ್ಪಂಜಿನ ಟೋಪಿ. ಮಧ್ಯಾಹ್ನದ ಹೊತ್ತು, ಕಿಟಕಿಯಿಲ್ಲದ ಕತ್ತಲೆ.

ಅಂಗಡಿಯಿಂದ ಇಬ್ಬರು ಬಂದಿದ್ದರು. ಕೌಂಟರಿನಲ್ಲಿ ಕೂರುವಾಕೆ, ಮತ್ತು ಫ್ರೇಮು ರಿಪೇರಿ ಮಾಡುವ, ಎಲ್ಲರೂ ಫ್ರೇಮಣ್ಣ ಅನ್ನುವ ದಪ್ಪ ಮನುಷ್ಯ. ಫ್ರೇಮಣ್ಣನ ದನಿಗೆ ಮೇಲೆ ಕೆಳಗೆ ಗೊತ್ತಿಲ್ಲ. ಅವನಿಗೆ ಗುಮಾಸ್ತನ ಹಾಡು ಕೊಟ್ಟೆ. ಗೊಣಗಿದ, ಗೊಣಗಿದ, ಕರೋಕೆ ಯಂತ್ರ ನೂರಕ್ಕೆ ಎಂಬತ್ತೇಳು ಅಂಕ ಕೊಟ್ಟಿತು. "ಸ್ಕೂಲಲ್ಲೂ ನಂಗಿಷ್ಟು ಬಂದಿಲ್ಲ ಮೇಡಂ!" ಅಂತ ಪರದೆಯ ಫೋಟೋ ತೆಗೆದುಕೊಂಡ. ಕೌಂಟರಿನಾಕೆಗೆ ಚಿಕ್ಕ ಉಸಿರು, ಚಿಕ್ಕ ಸಾಲಿನ ಹಾಡು ಕೊಟ್ಟೆ, ದಡ ಸೇರಿದಳು. ಪುಟ್ಟಿ ನೆಗಡಿ ಅಂತ ಹಾಡಲಿಲ್ಲ.

ಆಮೇಲೆ ಮೆಟ್ಟಿಲು ಹಾಡಿಗೆ ನಾನು ಎದ್ದೆ. ಮೈಕು ಕೈಗೆ ಬಂದ ತಕ್ಷಣ ಬೆನ್ನು ತಾನಾಗಿ ನೆಟ್ಟಗಾಯಿತು. ಮೊದಲ ಎರಡು ಸಾಲು ಸರಾಗವಾಗಿ ಹೋದವು. ಮೂರನೆಯದರಲ್ಲಿ ಒಂದು ಮೆಟ್ಟಿಲು ಜಾಸ್ತಿ ಹತ್ತಲು ನೋಡಿದೆ. ಹಾಡಿನಲ್ಲಿ ಇಲ್ಲದ ಮೆಟ್ಟಿಲು. ಸುಮ್ಮನೆ, ಕೈಲಾಗುತ್ತದೆ ಅಂತ ತೋರಿಸಲು. ದನಿ ಅಲ್ಲೇ ಕಡಿದುಹೋಯಿತು. ಬಾಯಿ ತೆರೆದೇ ಇದೆ, ಸದ್ದಿಲ್ಲ. ಸಂಗೀತ ಮಾತ್ರ ತನ್ನ ಪಾಡಿಗೆ ಓಡುತ್ತಿದೆ.

ಫ್ರೇಮಣ್ಣ ಚಪ್ಪಾಳೆ ತಟ್ಟಿದ. ಒಳ್ಳೆಯವನು. ಅವನ ಕೈ ಮುರಿಯಬೇಕು ಅನ್ನಿಸಿತು.

ಜೂನ್ 19, ಗುರುವಾರ

ಮೂಗಿನ ಮೇಲೆ ಜಾರುವ ಕನ್ನಡಕ ಬಿಗಿ ಮಾಡಿಸಲು ಅಂಗಡಿಗೆ ಹೋದೆ. ಪುಟ್ಟಿ ಒಳಗೆ ಯಂತ್ರದ ಮುಂದೆ ಇದ್ದಳು. ಕೌಂಟರಿನಾಕೆ ನನ್ನ ಹತ್ತಿರ ಬಾಗಿ ಹೇಳಿದಳು: "ಆಂಟಿ, ಶನಿವಾರ ಪುಟ್ಟಿ ಯಾಕೆ ಹಾಡಲಿಲ್ಲ? ನಿಮಗೆ ಕೇಳಿಸಬೇಕು ಅಂತ ನಾವು ಕಾಯ್ತಿದ್ವಿ. ನಾಲ್ಕು ವರ್ಷದಿಂದ ಪ್ರತಿ ಶನಿವಾರ ಅಲ್ಲೇ ಹಾಡ್ತಾಳಲ್ಲ. ಬರೀ ಜಪಾನಿ. ಗಾಜಿನಜ್ಜನ ಹತ್ರ ಕ್ಯಾಸೆಟ್ ಇಸ್ಕೊಂಡು ಹೋಗಿ ಹೋಗಿ ಕಲಿತದ್ದು. ಅವಳು ಹಾಡಿದ್ರೆ ಪಕ್ಕದ ರೂಮಿನವರು ಬಾಗಿಲು ತೆಗೆದು ನೋಡ್ತಾರೆ."

ನಾನು, "ಹೌದು ಹೌದು, ಅವತ್ತು ನೆಗಡಿ," ಅಂದೆ.

ಶನಿವಾರ ಸ್ನೇಹಿತರ ಜೊತೆ ಹೊರಗೆ ಹೋಗುತ್ತೇನೆ ಅನ್ನುತ್ತಿದ್ದಳು. ನಾನು ಸಿನಿಮಾ ಅಂದುಕೊಂಡಿದ್ದೆ. ನಾಲ್ಕು ವರ್ಷ! ನನ್ನ ಮಗಳು ಹಾಡುತ್ತಾಳೆ, ಮತ್ತು ಅದು ಗೊತ್ತಿಲ್ಲದವಳು ನಾನೊಬ್ಬಳೇ.

ಜೂನ್ 20, ಶುಕ್ರವಾರ

ಕೇಳಿಯೇಬಿಟ್ಟೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಯಾಕೆ ಹೇಳಲಿಲ್ಲ?"

ಒಂದು ಟವೆಲನ್ನು ಮೂರು ಸಲ ಮಡಿಸಿದಳು.

"ಅಮ್ಮ, ನಾನು ಚಿಕ್ಕವಳಿದ್ದಾಗ ಸ್ನಾನದ ಮನೇಲಿ ಹಾಡ್ತಿದ್ನಲ್ಲ. ನೀನು ಹೊರಗಿಂದ ಬಾಗಿಲು ತಟ್ಟಿ 'ಶ್ರುತಿ ಇಳೀತು' ಅಂತಿದ್ದೆ."

"ಇಳಿದಿದ್ರೆ ಹೇಳಬಾರದಾ?"

"ಹೇಳಬಹುದು. ನೀನು ಹೇಳಿದ್ದೆಲ್ಲ ಸರಿಯೇ ಇತ್ತು. ಅದಕ್ಕೇ ನಿಲ್ಲಿಸಿದೆ." ಟವೆಲನ್ನು ಪಕ್ಕಕ್ಕಿಟ್ಟಳು. "ಯಾವ ಹಾಡು ಹಾಡಿದ್ರೂ ಅದನ್ನ ನೀನು ಮೊದಲೇ ಹಾಡಿರ್ತಿದ್ದೆ. ನನಗಿಂತ ಚೆನ್ನಾಗಿ. ನಿನಗೆ ಗೊತ್ತಿಲ್ಲದ ಹಾಡು ಎಲ್ಲಾದ್ರೂ ಇದೆಯಾ ಅಂತ ಹುಡುಕ್ತಾ ಹೋದೆ. ಅಜ್ಜನ ಹತ್ರ ಸಿಕ್ತು."

ಕೋಪದಿಂದ ಹೇಳಿದ್ದರೆ ನಾನೂ ಕೋಪ ಮಾಡಿಕೊಳ್ಳಬಹುದಿತ್ತು. ಕೋಪದಿಂದ ಹೇಳಲಿಲ್ಲ.

ಜೂನ್ 21, ಶನಿವಾರ

ಬರೆಯಲು ಏನೂ ಇಲ್ಲ. ಪರದೆಗಳನ್ನು ಒಗೆದೆ.

ಜೂನ್ 22, ಭಾನುವಾರ

ಅವಳು ಹೇಳಿದ್ದು ಅತಿಯಾಯಿತು. ನಾನೇನು ದಿನಾ ಬಾಗಿಲು ತಟ್ಟುತ್ತಿರಲಿಲ್ಲ.

ಜೂನ್ 24, ಮಂಗಳವಾರ

ನೆನಪು ಮಾಡಿಕೊಂಡೆ. ದಿನಾ ತಟ್ಟುತ್ತಿದ್ದೆ.

ಜೂನ್ 28, ಶನಿವಾರ

ಬೆಳಿಗ್ಗೆ ಪುಟ್ಟಿ ಟೀ ಕುಡಿಯುವಾಗ ಅವಳ ಮುಂದೆ ಮೆಟ್ಟಿಲು ಹಾಡಿನ ಹಾಳೆ ಇಟ್ಟೆ.

"ಹೇಳಿಕೊಡು."

"ಏನು?"

"ಹಾಡು. ಮೂರನೇ ಸಾಲಿನಲ್ಲಿ ನಂಗೆ ಉಸಿರು ಸಾಲ್ತಿಲ್ಲ. ಎಲ್ಲಿ ತಗೋಬೇಕೋ ಗೊತ್ತಾಗ್ತಿಲ್ಲ."

ನನ್ನ ಮುಖವನ್ನೇ ನೋಡಿದಳು, ತಮಾಷೆಯೋ ಅಂತ. ಆಮೇಲೆ ಹಾಳೆ ಎಳೆದುಕೊಂಡು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಹಾಕಿದಳು. ಪದದ ಮಧ್ಯದಲ್ಲಿ! "ಪದ ಒಡೆಯುತ್ತಲ್ಲೇ!" ಅಂದೆ. "ಒಡೀಲಿ. ಅಜ್ಜನ ಕ್ಯಾಸೆಟ್ಟಿನಲ್ಲಿ ಹಾಡಿದವನೂ ಅಲ್ಲೇ ಒಡೀತಾನೆ. ರಾಕ್ ಅಮ್ಮ ಇದು, ಯಾರೂ ನೋಡಲ್ಲ," ಅಂದಳು.

ಹನ್ನೊಂದು ಸಲ ಹಾಡಿದೆ. ಹತ್ತು ಸಲ ತಪ್ಪಿತು. ಪ್ರತಿ ಸಲವೂ "ಇನ್ನೊಂದ್ಸಲ" ಎಂದಳೇ ಹೊರತು ಎಲ್ಲಿ ತಪ್ಪಿತು ಎಂದು ಒಮ್ಮೆಯೂ ಹೇಳಲಿಲ್ಲ. ಎಲ್ಲಿ ತಪ್ಪಿತು ಅನ್ನುವುದು ನನಗೇ ಗೊತ್ತಾಗುತ್ತಿತ್ತಲ್ಲ. ಹನ್ನೊಂದನೆಯದು ಸರಿಯಾದಾಗ ಅವಳೇನೂ ಹೊಗಳಲಿಲ್ಲ, ಮುಂದಿನ ಸಾಲಿಗೆ ಬೆರಳಿಟ್ಟಳು. ಒಳ್ಳೆಯ ಗುರುವಿನ ಲಕ್ಷಣ ಅದು. ನನ್ನ ಗುರುಗಳಿಗೂ ಇಷ್ಟು ತಾಳ್ಮೆ ಇರಲಿಲ್ಲ.

ಅವಳೂ ಒಂದೆರಡು ಸಾಲು ತೋರಿಸಲೆಂದು ಹಾಡಿದಳು, ಅರ್ಧ ದನಿಯಲ್ಲಿ, ಕಿಟಕಿ ಕಡೆ ತಿರುಗಿ. ನಾನು ಹಾಳೆಯನ್ನೇ ನೋಡುತ್ತಾ ಕೂತಿದ್ದೆ. ನಮ್ಮನೆಯವರು ಬಲಗಿವಿ ಈ ಕಡೆ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಅವಳ ಕಡೆ ತಲೆಯೆತ್ತಲಿಲ್ಲ. ಹಕ್ಕಿ ಬಂದು ಕೂತಾಗ ಮನೆಯವರೆಲ್ಲ ಅಲುಗಾಡದೆ ಇರುತ್ತಾರಲ್ಲ, ಹಾಗೆ.

ಜುಲೈ 5, ಶನಿವಾರ

ಇವತ್ತಿನ ಅಭ್ಯಾಸದಲ್ಲಿ ಫ್ರೇಮಣ್ಣ ತನ್ನ ಎರಡು ಸ್ವರ ಬಿಟ್ಟು ಮೂರನೆಯದಕ್ಕೆ ಹೋದ! ಮೂರನೆಯ ಸ್ವರ ಅವನಿಗೂ ಗೊತ್ತಾಗದೆ ಬಂದುಬಿಟ್ಟಿತು, ಗಾಬರಿಯಾಗಿ ನಿಲ್ಲಿಸಿದ. "ನಿಲ್ಲಿಸಬೇಡ, ಅದು ನಿನ್ನದೇ," ಅಂದೆ. ಕೌಂಟರಿನಾಕೆ ಎರಡನೆಯ ಚರಣ ಕಾಗದ ನೋಡದೆ ಹಾಡಿದಳು. ಲೆನ್ಸ್ ಒರೆಸುತ್ತಾ ಒರೆಸುತ್ತಾ ಬಾಯಿಪಾಠ ಮಾಡಿದಳಂತೆ. ಗಿರಾಕಿಯೊಬ್ಬರು "ಏನಮ್ಮಾ ಮಂತ್ರ ಹೇಳ್ತಿದ್ದೀಯಾ?" ಎಂದು ಕೇಳಿದರಂತೆ. ಪಟ್ಟಿಯಲ್ಲಿ ಒಂಬತ್ತು ಹಾಡು ಉಳಿದಿವೆ, ಒಂಬತ್ತೂ ಗಟ್ಟಿ. ಯಾರು ಬಂದು ಹಾಡಿದರೂ ಮುಗ್ಗರಿಸುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಕಷ್ಟದ ಹಾಡು ಹಾಡುವುದಕ್ಕೆ ಗಂಟಲು ಸಾಕು. ಇನ್ನೊಬ್ಬರ ಗಂಟಲಿಗೆ ಯಾವುದು ಹಿತ ಎಂದು ಹೇಳುವುದಕ್ಕೆ ಬೇರೆಯೇ ಕಿವಿ ಬೇಕು. ಅದು ನನಗಿದೆ.

ಪುಟ್ಟಿಯ ಹಾಡು ಯಾವುದು ಎಂದು ಕೇಳಲಿಲ್ಲ.

ಮರೆತಿದ್ದೆ. ಗುರುವಾರ ಡಾಕ್ಟರಮ್ಮ ಎಣಿಸಿದರು, ಒಂಬತ್ತು ಸೆಕೆಂಡ್ ಆಗಿದೆಯಂತೆ.

ಜುಲೈ 12, ಶನಿವಾರ

ದೊಡ್ಡ ರೂಮು, ಇಪ್ಪತ್ತು ಜನ. ಗಾಜಿನಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಸೋಫಾದ ಮಧ್ಯೆ ಕೂತಿದ್ದರು. ಸಣ್ಣ ಆಳು, ಬೆರಳ ತುದಿಗಳು ಗಾಜಿನ ಪುಡಿ ತಿಂದು ನುಣ್ಣಗಾಗಿವೆ. ಒಬ್ಬೊಬ್ಬರ ಹಾಡು ಶುರುವಾದಾಗಲೂ ಮೊದಲ ಗಿಟಾರಿಗೇ ಗುರುತು ಹಿಡಿದು "ಓಹ್!" ಅನ್ನುತ್ತಿದ್ದರು. ಒಬ್ಬರೂ ಮುಗ್ಗರಿಸಲಿಲ್ಲ. ಫ್ರೇಮಣ್ಣನಿಗೆ ತೊಂಬತ್ತೊಂದು ಬಂತು, ಕುರ್ಚಿ ಹತ್ತಿದ, ಇಳಿಸಿದೆವು. ಅಜ್ಜ ನನ್ನ ಕಡೆ ತಿರುಗಿ, "ಹಾಡು ಆರಿಸಿದ್ದು ನೀವಂತೆ. ಅವರವರ ಅಳತೆಗೆ ಉಜ್ಜಿ ಕೂರಿಸಿದ ಹಾಗಿದೆಯಮ್ಮ," ಅಂದರು. ಲೆನ್ಸಿನವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ ಎಂದು ಪುಟ್ಟಿ ಆಮೇಲೆ ಹೇಳಿದಳು.

ಮೆಟ್ಟಿಲು ಹಾಡನ್ನು ನಾನೂ ಪುಟ್ಟಿಯೂ ಸೇರಿ ಹಾಡಿದೆವು. ಎರಡನೇ ಚರಣದಲ್ಲಿ ನನ್ನ ದನಿ ಒಮ್ಮೆ ಒಡೆಯಿತು. ಅವಳು ನಿಲ್ಲಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವಳು ಪೆನ್ಸಿಲ್ಲಿನಲ್ಲಿ ಹಾಕಿದ್ದ ಮುಂದಿನ ಗೆರೆಯಲ್ಲಿ ಉಸಿರು ತೆಗೆದುಕೊಂಡು ಸೇರಿಕೊಂಡೆ. ಸುಲಭದ ಹಾಡಿನ ಗುಣವೇ ಅದು. ಬಿದ್ದರೂ ನಾಲ್ಕು ಹೆಜ್ಜೆಯೊಳಗೆ ಮತ್ತೆ ಹತ್ತಿಕೊಳ್ಳಬಹುದು.

ಎಲ್ಲ ಮುಗಿದ ಮೇಲೆ ಅಜ್ಜ ಒಂದು ಹಾಡಿನ ಹೆಸರು ಹೇಳಿದರು. "ಇದನ್ನ ಯಾರಾದ್ರೂ ಹಾಡ್ತೀರಾ? ಅಲ್ಲಿ ಕಾರ್ಖಾನೆ ಬಿಟ್ಟು ಬರುವ ದಿನ ಗೆಳೆಯರು ಹಾಡಿದ್ದು."

ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಪುಟ್ಟಿ ಎದ್ದಳು.

ಮೈಕು ತೆಗೆದುಕೊಂಡು ಒಂದು ಕ್ಷಣ ನನ್ನ ಕಡೆ ನೋಡಿದಳು. ಬಾಗಿಲಾಚೆ ಯಾರಾದರೂ ನಿಂತಿದ್ದಾರಾ ಎಂದು ನೋಡುವ ಹಾಗೆ. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಹೇಗೆ ಬರೆಯಲಿ? ಮೊದಲು ಮಾತಾಡಿದ ಹಾಗೆಯೇ ಇತ್ತು. ಕೆಳಗಿನ ದನಿ, ಸ್ವಲ್ಪ ಒರಟು, ಒಂದಿಷ್ಟೂ ಅಲಂಕಾರವಿಲ್ಲ. ನನ್ನ ದನಿಯ ಜಾಡು ಎಲ್ಲೂ ಇಲ್ಲ. ಎಲ್ಲಿಂದ ಬಂತು ಇದು ಈ ಹುಡುಗಿಗೆ? ಆಮೇಲೆ ಡ್ರಮ್ ಬಂತು, ಅವಳು ಹೆಗಲು ಒಮ್ಮೆ ಕೊಡವಿಕೊಂಡು ಮೇಲಕ್ಕೆ ಹೋದಳು. ಏಣಿಯಿಲ್ಲ, ಮೆಟ್ಟಿಲಿಲ್ಲ, ಒಂದೇ ನೆಗೆತ. ಹೋದವಳು ಅಲ್ಲೇ ನಿಂತಳು. ನಮ್ಮನೆಯವರು ನನ್ನ ಮೊಣಕೈ ಹಿಡಿದುಕೊಂಡಿದ್ದರು. ಶ್ರುತಿ ಎಲ್ಲಿತ್ತೋ ಏನೋ, ಈಗ ಯೋಚಿಸಿದರೂ ಗೊತ್ತಾಗುತ್ತಿಲ್ಲ. ನಾನು ಗಮನಿಸಲೇ ಇಲ್ಲ. ಅಜ್ಜ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದ ರೂಮಿನವರು ನಿಜವಾಗಿಯೂ ಬಾಗಿಲು ತೆಗೆದು ನಿಂತಿದ್ದರು.

ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮರೆತಿದ್ದರು. ಶುರು ಮಾಡಿದವಳು ನಾನೇ.

ಅಂಗಡಿಯ ಯಜಮಾನರು ನನ್ನ ಕಡೆ ಬಂದು ಕೈ ಮುಗಿದರು. "ಅಮ್ಮಾ, ನಿಮ್ಮ ತಾಲೀಮು ಗೊತ್ತಾಗುತ್ತೆ ಬಿಡಿ. ರಕ್ತದಲ್ಲೇ ಬಂದಿದೆ."

ಪುಟ್ಟಿ ಮೈಕಿನ ಸ್ಪಂಜನ್ನು ಸರಿಮಾಡುತ್ತಾ ತಲೆ ತಗ್ಗಿಸಿ ನಿಂತಿದ್ದಳು.

"ನನ್ನದೇನೂ ಇಲ್ಲ ಸ್ವಾಮಿ," ಅಂದೆ. "ಅವಳೇ ಹುಡುಕಿಕೊಂಡು ಹೋಗಿ ಕಲಿತಳು. ನಾನೀಗ ಅವಳ ಹತ್ರ ಕಲೀತಿದ್ದೀನಿ."

"ಕಲೀತಿದ್ದಾರೆ, ಆದರೆ ತುಂಬ ವಾದ ಮಾಡ್ತಾರೆ," ಅಂದಳು ಪುಟ್ಟಿ. ಎಲ್ಲರೂ ನಕ್ಕರು. ಅವಳ ಕಣ್ಣು ಒದ್ದೆಯಾಗಿತ್ತು. ಅದು ಪರದೆಯ ಬೆಳಕೂ ಇರಬಹುದು.

ಜುಲೈ 13, ಭಾನುವಾರ

ಬೆಳಿಗ್ಗೆ ಆರ್ಕೆಸ್ಟ್ರಾದ ಮಾಲೀಕರ ಫೋನು. ಏಪ್ರಿಲ್ ಆದಮೇಲೆ ಇದೇ ಮೊದಲು.

"ಅಕ್ಕಾ, ದನಿ ಹೇಗಿದೆ?" ಎಂದರು.

"ಅಯ್ಯೋ, ಏನು ಹೇಳಲಿ!" ಅಂದೆ. "ನೀವು ಕೇಳಬೇಕಿತ್ತು. ಕೆಳಗೆ ಒಳ್ಳೆ ಗಟ್ಟಿ, ಒರಟು. ಮೇಲೆ ಹೋದರೆ ಒಂಚೂರೂ ನಡುಗಲ್ಲ. ಹೋಗಿ ನಿಂತುಬಿಡುತ್ತೆ. ಇಪ್ಪತ್ತು ಜನ ಚಪ್ಪಾಳೆ ತಟ್ಟೋದನ್ನೇ ಮರೆತುಬಿಟ್ಟರು ನಿನ್ನೆ. ಜಪಾನಿ ರಾಕ್ ಹಾಡು, ಗೊತ್ತಾ?"

ಆ ಕಡೆ ಮನುಷ್ಯನಿಗೆ ಹಿಡಿಸಲಾರದಷ್ಟು ಸಂತೋಷ. "ಅಕ್ಕಾ! ಹಾಗಾದ್ರೆ ಆಗಸ್ಟ್ ಮೂರನೇ ತಾರೀಕಿನ ಕಾರ್ಯಕ್ರಮಕ್ಕೆ ನಿಮ್ಮ ಹೆಸರು ಬರ್ಕೊಳ್ಲಾ?"

ಆಗ ಹೊಳೆಯಿತು, ಅವರು ವಿಚಾರಿಸಿದ್ದು ನನ್ನ ದನಿಯನ್ನು.